ಆಚೆ ದಡಕ್ಕೆ ಕಾಣುವ ಹೆಸರು

ತ್ಯೂರಾ ಬ್ರಾಮ್ಸೆನ್ ಆ ಹಳೇ ಕದವನ್ನು ಕೊಂಡದ್ದು ಮೇಜು ಮಾಡಿಕೊಳ್ಳುವುದಕ್ಕೆ. ಆರ್ಹುಸ್ ಬಂದರಿನ ಹಿಂದಿರುವ ಹಳೇ ಮರದ ಅಂಗಡಿಯಲ್ಲಿ, ಮುರಿದ ಮೆಟ್ಟಿಲು, ಕಿತ್ತ ಕಿಟಕಿಗಳ ರಾಶಿಗೆ ಒರಗಿಕೊಂಡು ಅದು ನಿಂತಿತ್ತು. ಲಿಮ್ ಫಿಯೋರ್ಡ್ ಎಂಬ ಕಡಲತೋಳಿಗೆ ಸೇತುವೆ ಬಂದ ಮೇಲೆ ಲಿಲ್ಲೆಹೌನ್ ಎಂಬ ಊರಿನ ಫೆರಿಕಟ್ಟೆಗೆ ಕೆಲಸವಿಲ್ಲದಾಯಿತು, ಅಲ್ಲಿಯ ಶೆಡ್ಡನ್ನು ಒಡೆದಾಗ ಬಂದ ಮಾಲು ಎಂದು ಅಂಗಡಿಯವನು ಹೇಳಿದ. ಉಪ್ಪುಗಾಳಿ ತಿಂದು ಬೂದಿ ಬಣ್ಣಕ್ಕೆ ತಿರುಗಿದ, ಇನ್ನೂ ಗಟ್ಟಿಯಾಗಿದ್ದ ಪೈನ್ ಮರ. ಒಂದು ಮಗ್ಗುಲಿಗೆ ತಗಡು ಹೊಡೆದಿದ್ದರು. ಸ್ಟುಡಿಯೋಗೆ ತಂದು, ಮೊಳೆ ಎಬ್ಬಿಸಿ ತಗಡು ಕಿತ್ತಾಗ ಕೆಳಗೆ ಒಂದು ಭಿತ್ತಿಪತ್ರ ಅಂಟಿಕೊಂಡಿತ್ತು.

ಅದರ ಎಡಭಾಗ ಹರಿದುಹೋಗಿತ್ತು. ಉಳಿದದ್ದು ಯಾವುದೋ ಪದದ ಬಾಲದ ಎರಡಕ್ಷರ, ಆಮೇಲೆ ‘ವೆಸ್ಟರ್‌ಗೋರ್’ ಎಂಬ ಒಂದು ಪದ. ಬೇರೆ ಒಂದು ಗೆರೆ ಇಲ್ಲ, ದಿನಾಂಕವಿಲ್ಲ. ಆ ಅಕ್ಷರಗಳು ಮಾತ್ರ ಕಾಗದದ ಅಡಿಯಿಂದ ಮುಡಿಯವರೆಗೆ ನಿಂತಿದ್ದವು. ಒಂದೊಂದೂ ಮೊಳದುದ್ದ, ಅಗಲ ಎರಡು ಬೆರಳು. ಮಸಿ ಮೆತ್ತಿದ ಹಾಗೆ ದಪ್ಪ. ಬೆಳಗಿನ ಬಸ್ಸಿನಲ್ಲಿ ಭುಜಕ್ಕೆ ಭುಜ ಒತ್ತಿ ನಿಂತವರ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದವು.

ಪಡುವಲ ದಿಕ್ಕಿನ ಒಕ್ಕಲುಮನೆಗೆಲ್ಲ ವೆಸ್ಟರ್‌ಗೋರ್ ಎಂದೇ ಹೆಸರು. ಜಟ್ಲೆಂಡಿನಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ಒಂದು ವೆಸ್ಟರ್‌ಗೋರ್‌ನ ಹಂಚಿಗೆ ತಾಗುತ್ತದೆ. ಹಾಗಾಗಿ ಇದು ಯಾವುದೋ ಹೊಲಮನೆಯ ಹರಾಜಿನ ಭಿತ್ತಿಪತ್ರವೆಂದು ತ್ಯೂರಾಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಅವಳ ಜೊತೆ ಸ್ಟುಡಿಯೋ ನಡೆಸುತ್ತಿದ್ದ ಮೊಯೆನ್ಸ್ ಕೂಡ ಅದನ್ನೇ ಅಂದ. ಮೊಯೆನ್ಸ್ ಅವಳಿಗಿಂತ ಹದಿನೈದು ವರ್ಷ ದೊಡ್ಡವನು. ಅವಳು ಅಕ್ಷರ ಬರೆಯುವುದು, ಅವನು ಅದನ್ನು ಜನಕ್ಕೆ ಮಾರುವುದು, ಹೀಗೆ ಅವರ ಕಸುಬು ನಡೆದಿತ್ತು.

ಮೇಜು ಆಗಲೇ ಇಲ್ಲ. ಆ ಕದವನ್ನು ಗೋಡೆಗೆ ನಿಲ್ಲಿಸಿಕೊಂಡು ತ್ಯೂರಾ ಅಕ್ಷರಗಳನ್ನು ನೋಡುತ್ತ ಕೂತಳು. ಒಂದೆರಡು ದಿನದಲ್ಲೇ ಗೊತ್ತಾಯಿತು, ಇವು ಯಾವ ಕಾರ್ಖಾನೆಯಿಂದಲೂ ಬಂದ ಅಚ್ಚುಮೊಳೆಗಳಲ್ಲ, ಯಾರೋ ಕೈಯಲ್ಲಿ ಮರ ಕೊರೆದು ಮಾಡಿದವು. ದಪ್ಪಗೆ, ಇಕ್ಕಟ್ಟಾಗಿ ಅಕ್ಷರ ಬರೆಯುವವರ ಕಷ್ಟ ಕಪ್ಪಿನಲ್ಲಿಲ್ಲ, ಬಿಳಿಯಲ್ಲಿದೆ. ಕಪ್ಪು ತಾನಾಗಿ ಬಂದು ತುಂಬಿಕೊಳ್ಳುತ್ತದೆ. ಅಕ್ಷರದ ಎರಡು ಕಂಬಗಳ ನಡುವೆ ಕದದ ಸಂದಿಯ ಬೆಳಕಿನಷ್ಟು ಬಿಳಿ ಉಳಿಸಿಕೊಳ್ಳದಿದ್ದರೆ ಅಕ್ಷರ ಸತ್ತು ಬರೀ ಮಸಿಯ ಗೋಡೆಯಾಗುತ್ತದೆ. ಇದನ್ನು ಮಾಡಿದವನು ಆ ಬಿಳಿಯನ್ನು ಉಳಿಸಲು ಹಲ್ಲು ಕಚ್ಚಿ ಕೆಲಸ ಮಾಡಿದ್ದ. ಒಮ್ಮೆ ಕೊರೆದದ್ದನ್ನು ಮತ್ತೆ ಕೊರೆದು, ಮತ್ತಷ್ಟು ತೆಳ್ಳಗೆ ಮಾಡಿದ ಗುರುತುಗಳಿದ್ದವು. ಹೆಸರಿನ ಕೊನೆಯ ಹತ್ತಿರ ಬರುವ, ತಲೆಯ ಮೇಲೆ ಉಂಗುರ ಹೊತ್ತ, ‘ಓ’ ಎಂದು ಓದುವ ಅಕ್ಷರವನ್ನಂತೂ ಅವಳು ಎಲ್ಲೂ ಹಾಗೆ ನೋಡಿರಲಿಲ್ಲ. ಉಂಗುರವನ್ನು ಮೇಲೆ ಕೂರಿಸಿದರೆ ಉಳಿದ ಅಕ್ಷರಗಳ ಎತ್ತರ ಅಷ್ಟು ಕಡಿಮೆಯಾಗಬೇಕು. ಅವನು ಒಂದಿಂಚೂ ಬಿಟ್ಟುಕೊಡದೆ, ಅಕ್ಷರದ ನೆತ್ತಿಯನ್ನೇ ಕೆತ್ತಿ ತಗ್ಗು ಮಾಡಿ, ಉಂಗುರವನ್ನು ಅದರೊಳಗೆ ಇಳಿಸಿ ಕೂರಿಸಿದ್ದ.

ಒಂದು ಹರಾಜಿಗೆ ಇಷ್ಟು ಜೋರಾಗಿ ಕೂಗುವ ಅಗತ್ಯ ಏನಿತ್ತೋ ಎಂದು ಅವಳು ಒಮ್ಮೆ ಬೆರಗುಪಟ್ಟದ್ದುಂಟು. ಮೊಯೆನ್ಸ್ ನಕ್ಕ.

“ಜಟ್ಲೆಂಡಿನೋರು ಕಣಮ್ಮ. ಬಾಯಲ್ಲಿ ಮಾತು ಹೊರಡಲ್ಲ, ಗೋಡೆ ಮೇಲೆ ಕಿರುಚ್ಕೋತಾರೆ.”

ಇದ್ದ ಕೆಲವೇ ಅಕ್ಷರಗಳನ್ನು ಇಟ್ಟುಕೊಂಡು ಇಲ್ಲದವನ್ನೆಲ್ಲ ಅವಳು ಹುಟ್ಟಿಸಿದಳು. ಒಂದು ಚಳಿಗಾಲವಿಡೀ ಹಿಡಿಯಿತು. ಫಾಂಟಿಗೆ ಮೊಯೆನ್ಸ್ ‘ಹರಾಜು’ ಎಂದು ಹೆಸರಿಟ್ಟ.

ಆಮೇಲಿನದು ಅವರಿಬ್ಬರೂ ಎಣಿಸಿದ್ದಲ್ಲ. ಇರುವೆ ಹೋಗುವಷ್ಟು ಜಾಗದಲ್ಲಿ ಆನೆಯ ದನಿ ಕೊಡುವ ಅಕ್ಷರ ಎಲ್ಲರಿಗೂ ಬೇಕಾಗಿತ್ತು. ಮೊದಲು ಒಂದು ನಾಟಕ ಕಂಪನಿ ಕೇಳಿತು, ಆಮೇಲೆ ಒಂದು ಪತ್ರಿಕೆ ತನ್ನ ತಲೆಬರಹಗಳಿಗೆ ತೆಗೆದುಕೊಂಡಿತು. ಅಂಗಡಿಯವರು ಬೆಣ್ಣೆಯ ರಿಯಾಯಿತಿಯನ್ನು ಅದರಲ್ಲಿ ಕೂಗಿದರು. ಬಿಯರ್ ಡಬ್ಬಿ, ಬಸ್ಸಿನ ಮಗ್ಗುಲು, ಈಜುಕೊಳದ ‘ಓಡಬೇಡಿ’, ಚುನಾವಣೆಯಲ್ಲಿ ದೀಪದ ಕಂಬಗಳಿಗೆ ಕಟ್ಟುವ ಮೋರೆಗಳ ಕೆಳಗಿನ ಹೆಸರು, ಎಲ್ಲಕ್ಕೂ ಅದೇ. ಗಡಿ ದಾಟಿ ಜರ್ಮನಿಗೂ ಹೋಯಿತು. ಕದ್ದು ಬಳಸಿದವರೂ ಬೇಕಾದಷ್ಟು ಮಂದಿ. ಬೆಳಿಗ್ಗೆ ರೊಟ್ಟಿ ತರಲು ಹೊರಟರೆ ಮನೆಯಿಂದ ಬೇಕರಿಯವರೆಗೆ ತನ್ನ ಅಕ್ಷರಗಳು ಸಾಲಾಗಿ ನಿಂತು ನೋಡುವುದು ತ್ಯೂರಾಗೆ ಮೊದಮೊದಲು ಹೆಮ್ಮೆ ಎನಿಸಿತು. ಆಮೇಲೆ ಅಭ್ಯಾಸವಾಯಿತು.

ಬೋದಿಲ್ ವೆಸ್ಟರ್‌ಗೋರ್ ಬಂದದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಮುಂಚೆ ಫೋನ್ ಮಾಡಿರಲಿಲ್ಲ. ಅರವತ್ತು ದಾಟಿದ, ಗಿಡ್ಡನೆಯ, ಗಾಳಿಗೆ ಸುಟ್ಟ ಮುಖದ ಹೆಂಗಸು. ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಳು. ಅಲ್ಲಿಯ ಗೋಡೆಗಳ ಮೇಲೆ ಅಂಟಿಸಿದ್ದ ಯಾವುದನ್ನೂ ಅವಳು ನೋಡಲಿಲ್ಲ. ತ್ಯೂರಾಳ ಮುಖವನ್ನು ಮಾತ್ರ ನೋಡಿದಳು. ಹಣೆ, ಮೂಗು, ಗಲ್ಲ, ಕಿವಿ, ಹೀಗೆ ಒಂದೊಂದನ್ನೇ ಬಿಡಿಸಿ ನೋಡುವ ಹಾಗೆ.

“ಈ ಅಕ್ಷರ ಬರದಾಕಿ ನೀವ ಏನ್ರಿ?” ಎಂದಳು. ಪಡುವಣ ತೀರದವರ ಮಾತು, ಪದಗಳ ಬಾಲ ಕತ್ತರಿಸಿದಂಥದು.

ತ್ಯೂರಾ ಹೌದೆಂದು ಕುರ್ಚಿ ಎಳೆದು ಕೊಟ್ಟಳು. ಆಕೆ ಕೂರಲಿಲ್ಲ.

“ನಿಮ್ಮವ್ವ ಎಲ್ಲ್ಯಾಕಿ?”

“ನಮ್ಮಮ್ಮಾನಾ? ಒಡೆನ್ಸೆಯವರು.”

“ಅಲ್ಲೇ ಹುಟ್ಟಿದಾಕಿ?”

“ಅಲ್ಲೇ ಹುಟ್ಟಿ ಅಲ್ಲೇ ತೀರಿಕೊಂಡ್ರು. ಹೋದ ವರ್ಷ. ಯಾಕೆ ಕೇಳ್ತಿದೀರಿ?”

“ಆಕಿದೊಂದು ಫೋಟೋ ಐತೇನು?”

ಮೊಯೆನ್ಸ್ ಹಿಂದಿನಿಂದ ತ್ಯೂರಾಗೆ ಕಣ್ಸನ್ನೆ ಮಾಡಿದ, ತಲೆ ಸ್ವಲ್ಪ ಸಡಿಲ ಇರಬೇಕು ಎನ್ನುವ ಹಾಗೆ. ಆದರೆ ಆ ಹೆಂಗಸಿನ ದನಿಯಲ್ಲಿ ಏನೋ ಇತ್ತು, ಇಲ್ಲ ಎನ್ನಲು ತ್ಯೂರಾಗೆ ಬಾಯಿ ಬರಲಿಲ್ಲ. ಫೋನಿನಲ್ಲಿದ್ದ ತಾಯಿಯ ಚಿತ್ರವನ್ನು ತೆಗೆದು ತೋರಿಸಿದಳು. ಅಗಲ ಮುಖದ, ದಪ್ಪ ಕನ್ನಡಕದ ಗೆರ್ಡ ಬ್ರಾಮ್ಸೆನ್, ಹುಟ್ಟುಹಬ್ಬದ ಕೇಕಿನ ಮುಂದೆ. ಬೋದಿಲ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಂದು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

“ಅಲ್ಲ,” ಎಂದಳು. “ಈಕಿ ಅಲ್ಲ.”

ಆಗ ಕುರ್ಚಿಯಲ್ಲಿ ಕೂತಳು. ಇಷ್ಟು ಹೊತ್ತು ಅವಳನ್ನು ನೆಟ್ಟಗೆ ನಿಲ್ಲಿಸಿದ್ದು ಏನಿತ್ತೋ ಅದು ಹೋಗಿಬಿಟ್ಟಿತ್ತು. ಮೊಯೆನ್ಸ್ ಕಾಫಿ ತಂದಿಟ್ಟ, ತಮಾಷೆ ಮಾಡುವ ಮನಸ್ಸಾಗದೆ ಸುಮ್ಮನೆ ಪಕ್ಕಕ್ಕೆ ಸರಿದ.

“ಇವು ನಮ್ಮಪ್ಪನ ಅಕ್ಷರ,” ಎಂದಳು ಬೋದಿಲ್. “ಪಿಯರ್ ಗಿಡದ ಕಟಗಿಯೊಳಗ ಕೊರದಿದ್ದ. ಅಂವ ಸತ್ತ ಮ್ಯಾಲ ನಾನ ನನ್ನ ಕೈಯಾರೆ ಒಂದೊಂದ ಒಲಿಗೆ ಹಾಕಿ ಸುಟ್ಟೀನಿ. ಒಂದೂ ಉಳಿಸಿಲ್ಲ. ಬೆಣ್ಣಿ ತರಾಕಂತ ಅಂಗಡಿಗೆ ಹೋದ್ರ ಗ್ವಾಡಿ ಮ್ಯಾಲೆ ನಿಂತಿದ್ವು.”

ಹೀಗೆ ಶುರುವಾಗಿ, ಅವಳು ಹೇಳಿದ್ದು ಇಷ್ಟು. ಅಪ್ಪ ಆಕ್ಸೆಲ್ ವೆಸ್ಟರ್‌ಗೋರ್, ಲಿಲ್ಲೆಹೌನ್‌ನಲ್ಲಿ ಸಣ್ಣ ಮುದ್ರಣಾಲಯ ಇಟ್ಟುಕೊಂಡಿದ್ದ. ಅಕ್ಕನ ಹೆಸರು ಸಿಗ್ನೆ. ಸಿಗ್ನೆಗೆ ಹದಿನೇಳು, ಬೋದಿಲ್‌ಗೆ ಒಂಬತ್ತು ಇದ್ದಾಗ, ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಸಿಗ್ನೆ ಸೈಕಲ್ ತಳ್ಳಿಕೊಂಡು ಆಚೆ ದಡಕ್ಕೆ ಹೋಗುವ ಫೆರಿ ಹತ್ತಿದಳು. ಹತ್ತಿದ್ದನ್ನು ಟಿಕೆಟ್ ಕೊಟ್ಟವನು ನೋಡಿದ. ಇಳಿದದ್ದನ್ನು ಯಾರೂ ನೋಡಲಿಲ್ಲ. ಸೈಕಲ್ ಮಾತ್ರ ಕಂಬಿಗೆ ಒರಗಿಕೊಂಡು ಫೆರಿಯಲ್ಲೇ ಉಳಿದಿತ್ತು. ಊರಿನವರು ನೀರಿಗೆ ಬಿದ್ದಳು ಅಂದರು. ನೀರು ಯಾವತ್ತೂ ಅವಳನ್ನು ತಿರುಗಿ ಕೊಡಲಿಲ್ಲ. ಅಪ್ಪ ಮಾತ್ರ ಇಲ್ಲ, ಲಾರಿಗಳ ನಡುವೆ ಇಳಿದುಹೋಗಿದ್ದಾಳೆ, ಎಲ್ಲೋ ಇದ್ದಾಳೆ ಎಂದ. ಅವಳ ಕಣ್ಣಿಗೆ ಬೀಳಲೆಂದು ಅವಳ ಹೆಸರನ್ನು ವರ್ಷ ವರ್ಷ ಅಚ್ಚು ಹಾಕಿ ಗೋಡೆಗಳಿಗೆ ಅಂಟಿಸುತ್ತ ಹೋದ.

ಅಂಗಡಿಯ ಗೋಡೆಯ ಮೇಲೆ ಅವೇ ಅಕ್ಷರ ಕಂಡಾಗ ಬೋದಿಲ್‌ಗೆ ಹೊಳೆದದ್ದು ಇಷ್ಟೇ. ಮನೆಯವರಲ್ಲದೆ ಆ ಅಕ್ಷರಗಳನ್ನು ಹಾಗೆ ಬಲ್ಲವರು ಲೋಕದಲ್ಲಿ ಯಾರೂ ಇಲ್ಲ. ಅವನ್ನು ಮತ್ತೆ ಬರೆದವಳು ನಲವತ್ತೈದರ ಒಬ್ಬ ಹೆಂಗಸು ಎಂದು ಪತ್ರಿಕೆಯಲ್ಲಿ ಬಂದಿತ್ತು. ಲೆಕ್ಕ ಕೂಡಿಬಂತು. ಸಿಗ್ನೆ ಎಲ್ಲೋ ಬದುಕಿ, ಯಾವುದೋ ಗೋಡೆಯ ಮೇಲೆ ತನ್ನ ಹೆಸರು ಕಂಡು, ಮದುವೆಯಾಗಿ, ಮಗಳಿಗೆ ಅಜ್ಜನ ಅಕ್ಷರಗಳನ್ನು ಬರೆದು ತೋರಿಸಿದ್ದಾಳೆ. ಆ ಮಗಳ ಮುಖ ನೋಡಲೆಂದು ಬಸ್ಸು ಹತ್ತಿ ಬಂದಿದ್ದಳು.

ತ್ಯೂರಾ ಎದ್ದು, ಒಳಕೋಣೆಯಲ್ಲಿ ನಿಲ್ಲಿಸಿದ್ದ ಕದವನ್ನು ತೋರಿಸಿದಳು. ತನಗೆ ಗೊತ್ತಿದ್ದದ್ದು ಇಷ್ಟೇ, ಇದು ಹರಾಜಿನದು ಅಂದುಕೊಂಡಿದ್ದೆ ಎಂದಳು. ಬೋದಿಲ್ ಹತ್ತಿರ ಹೋದಳು. ಹರಿದ ಅಂಚಿನ ಮೇಲೆ, ‘ಸಿಗ್’ ಇರಬೇಕಾಗಿದ್ದ ಕಡೆ, ಬರೀ ಮರವನ್ನು ಅಂಗೈಯಿಂದ ಸವರಿದಳು.

ಈ ಕದವನ್ನು ನೀವು ತೆಗೆದುಕೊಂಡು ಹೋಗಿ, ಇದು ನಿಮ್ಮದು, ಎಂದಳು ತ್ಯೂರಾ.

“ಬ್ಯಾಡ್ರಿ. ಒಮ್ಮಿ ಮನಿಯಿಂದ ಹೊರಗ ಹಾಕಿದ್ದನ್ನ ತಿರುಗಿ ಒಳಗ ತಗೋಬಾರದು,” ಎಂದಳು ಬೋದಿಲ್. ಕಾಫಿ ಮುಟ್ಟಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ನಿಂತು, “ಹರಾಜು ಅಂತ ಹೆಸರಿಟ್ಟೀರಿ. ಇರ್ಲಿ. ನಮ್ಮೂರಾಗೂ ಹಂಗ ಅಂತಿದ್ರು, ಆಕ್ಸೆಲ್ ತನ್ನ ಮಗಳನ್ನ ಸವಾಲ್ ಕೂಗಾಕ್ ಹತ್ಯಾನ ಅಂತ,” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತ್ಯೂರಾಗೆ ಅಷ್ಟು ನೋಯುತ್ತಿರಲಿಲ್ಲ.

ಆ ದಿನದಿಂದ ತ್ಯೂರಾಗೆ ಓದು ಕೆಟ್ಟಿತು. ಅಂಗಡಿಯ ಗೋಡೆಯಲ್ಲಿ ಆಲೂಗಡ್ಡೆಯ ಬೆಲೆ ನೋಡಿದರೆ ಬೆಲೆಯ ಹಿಂದೆ ಆ ಹೆಸರು ನಿಂತಿರುತ್ತಿತ್ತು. ಬಸ್ಸು ತಿರುವಿನಲ್ಲಿ ಹೊರಳಿದರೆ ಅದರ ಮಗ್ಗುಲಿನ ಜಾಹೀರಾತು ಒಂದು ಗಳಿಗೆ ‘ಸಿಗ್ನೆ’ ಎನ್ನುತ್ತಿತ್ತು, ಆಮೇಲೆ ಪೇಂಟಿನ ಹೆಸರಾಗುತ್ತಿತ್ತು. ತಾನೇ ಹುಟ್ಟಿಸಿದ ಅಕ್ಷರಗಳು, ಆ ಹೆಸರಿನಲ್ಲಿ ಇಲ್ಲದವು ಕೂಡ, ಅದೇ ಮನೆಯ ಮಕ್ಕಳ ಹಾಗೆ ಮುಖ ಮಾಡಿಕೊಂಡು ನಿಂತಿದ್ದವು. ಹಿಂದೆ ಅವಳಿಗೆ ಅಂದವೆಂದು ಕಂಡಿದ್ದ ಆ ಬಿಳಿ ಸಂದಿಗಳು ಈಗ ಯಾರೋ ಬಾಗಿಲನ್ನು ಪೂರ್ತಿ ಮುಚ್ಚದೆ ಒಳಗೆ ಕಾಯುತ್ತಿರುವ ಹಾಗೆ ಕಾಣುತ್ತಿದ್ದವು. ಕಣ್ಣು ತಪ್ಪಿಸಿ ನಡೆಯಲು ನೋಡಿದಳು. ಕಣ್ಣಿನ ಕಸುಬಿನವಳು ಕಣ್ಣು ತಪ್ಪಿಸಿ ಎಲ್ಲಿಗೆ ಹೋದಾಳು.

ಫಾಂಟನ್ನು ಹಿಂತೆಗೆದುಬಿಡೋಣ ಎಂದು ಮೊಯೆನ್ಸ್‌ಗೆ ಹೇಳಿದಳು. ಅವನು ವಾದ ಮಾಡಲಿಲ್ಲ.

“ನಾಳೆನೇ ನಿಲ್ಸೋಣ. ಆದ್ರೆ ಕೊಂಡವರ ಹತ್ರ ಇರೋದು ಇದ್ದೇ ಇರತ್ತೆ, ಕದ್ದವರ ಹತ್ರಾನೂ. ಬಿತ್ತಿದ್ದಾಗಿದೆ ತ್ಯೂರಾ. ಗಾಳಿಗೆ ಹೋದ ಬೀಜಾನ ಆರಿಸ್ಕೊಂಡು ಬರಕ್ಕಾಗತ್ತಾ?”

ನಿಲ್ಲಿಸುವ ಮೊದಲು ಬೋದಿಲ್‌ಗೆ ಹೇಳಬೇಕೆನಿಸಿತು. ಏಪ್ರಿಲ್‌ನಲ್ಲಿ ತ್ಯೂರಾ ಲಿಲ್ಲೆಹೌನ್‌ಗೆ ಹೋದಳು.

ಸೇತುವೆಯ ಮೇಲೆ ಹೋಗುವವರು ಆ ಊರನ್ನು ನೋಡುವುದೇ ಇಲ್ಲ, ದಾಟಿಬಿಡುತ್ತಾರೆ. ಮುದ್ರಣಾಲಯವಿದ್ದ ಮನೆಯಲ್ಲೇ ಬೋದಿಲ್ ಒಬ್ಬಳೇ ಇದ್ದಳು. ಯಂತ್ರವಿದ್ದ ಕೋಣೆಯಲ್ಲಿ ಈಗ ಟೊಮೇಟೊ ಸಸಿಗಳು. ಅವಳು ಬಾಗಿಲು ತೆರೆದು, ಬಂದದ್ದು ಯಾಕೆ ಎಂದು ಕೇಳದೆ ಒಳಗೆ ಕರೆದಳು. ಕರಿ ರೊಟ್ಟಿ, ಉಪ್ಪು ಹಾಕಿದ ಹೆರಿಂಗ್ ಮೀನು ತಂದಿಟ್ಟಳು. ಮನೆಯ ಗೋಡೆಗಳ ಮೇಲೆ ಒಂದು ಕ್ಯಾಲೆಂಡರ್ ಕೂಡ ಇರಲಿಲ್ಲ. ಎಲ್ಲ ಸುಣ್ಣ ಬಳಿದು ಬೆಳ್ಳಗೆ ಬಿಟ್ಟಿದ್ದಳು.

ತಿನ್ನುತ್ತ ತಿನ್ನುತ್ತ ಅವಳು ಉಳಿದದ್ದನ್ನು ಹೇಳಿದಳು. ಮೊದಲ ವರ್ಷದ ಭಿತ್ತಿಪತ್ರದಲ್ಲಿ ಎಲ್ಲವೂ ಇತ್ತಂತೆ. ‘ಕಾಣೆಯಾಗಿದ್ದಾಳೆ’ ಎಂದು ಮೇಲೆ, ಹೆಸರು, ವಯಸ್ಸು ಹದಿನೇಳು, ನೀಲಿ ಕೋಟು, ಬೂದು ಟೊಪ್ಪಿಗೆ, ಕೆಳಗೆ ಮನೆಯ ವಿಳಾಸ. ಪ್ರತಿ ನವೆಂಬರ್‌ನಲ್ಲಿ ಆಕ್ಸೆಲ್ ಹೊಸದಾಗಿ ಅಚ್ಚು ಹಾಕುತ್ತಿದ್ದ. ಮರುವರ್ಷ ಕೋಟನ್ನು ಬಿಟ್ಟ. ಇಷ್ಟು ಹೊತ್ತಿಗೆ ಅದು ಅವಳಿಗೆ ಚಿಕ್ಕದಾಗಿರುತ್ತದೆ ಎಂದ. ಆಮೇಲೆ ವಯಸ್ಸನ್ನು ತೆಗೆದ, ಯಾಕೆಂದರೆ ಅದು ಪ್ರತಿ ವರ್ಷ ಸುಳ್ಳಾಗುತ್ತಿತ್ತು. ಒಂದೊಂದು ಮಾತು ಬಿಟ್ಟಾಗಲೂ ಕಾಗದದಲ್ಲಿ ಜಾಗ ಉಳಿಯುತ್ತಿತ್ತು, ಆ ಜಾಗವನ್ನು ಹೆಸರಿಗೆ ಕೊಡುತ್ತಿದ್ದ. ಹೆಸರು ಎತ್ತರವಾಗುತ್ತ ಹೋಯಿತು. ಆದರೆ ಕಾಗದದ ಅಗಲ ಬೆಳೆಯುವುದಿಲ್ಲ. ಹೆಸರನ್ನು ಎರಡು ಸಾಲಿಗೆ ಒಡೆಯಲು ಅವನು ಒಪ್ಪಲಿಲ್ಲ, ಮಗಳನ್ನು ಸೀಳಿದ ಹಾಗೆ ಎಂದನಂತೆ. ಹಾಗಾಗಿ ಅಕ್ಷರಗಳನ್ನು ಇನ್ನೂ ಇಕ್ಕಟ್ಟು ಮಾಡಬೇಕಾಯಿತು. ತೆಳ್ಳಗೆ ಮಾಡಿದರೆ ಫೆರಿಯ ಮೇಲಿನಿಂದ ಕಾಣದು, ಅದಕ್ಕೆ ದಪ್ಪವೂ ಮಾಡಬೇಕು. ಅಂಥ ಅಚ್ಚುಮೊಳೆ ಎಲ್ಲೂ ಸಿಗದೆ ಹಿತ್ತಲ ಪಿಯರ್ ಮರ ಕಡಿದು ತಾನೇ ಕೊರೆಯಲು ಕೂತ. ಕೊನೆಗೆ ‘ಕಾಣೆಯಾಗಿದ್ದಾಳೆ’ ಎಂಬ ಮಾತೂ ಹೋಯಿತು. ವಿಳಾಸವೂ ಹೋಯಿತು, ಮಗಳಿಗೆ ಮನೆ ಗೊತ್ತಿಲ್ಲವೇ ಎಂದ. ಹೆಸರೊಂದೇ ಉಳಿಯಿತು. ಆಚೆ ದಡದಲ್ಲಿ ನಿಂತವರಿಗೂ ಕಾಣಬೇಕು ಅನ್ನುವುದೊಂದೇ ಅವನ ಹಟ.

ಊರಿನವರು ಮೊದಲು ಮರುಗಿದರು, ಆಮೇಲೆ ಬೇಸತ್ತರು. ಬೇಸಿಗೆಯಲ್ಲಿ ಬರುವ ಪ್ರವಾಸಿಗರು ಇದೇನೆಂದು ಕೇಳಿದರೆ ಹೇಳುವುದು ಕಷ್ಟವಾಗುತ್ತಿತ್ತು. ಒಬ್ಬೊಬ್ಬರೇ ತಮ್ಮ ಗೋಡೆ ಕೊಡುವುದಿಲ್ಲ ಎಂದರು. ಅಮ್ಮ ಕೂಡ ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು ತನ್ನ ತಂಗಿಯ ಮನೆಗೆ ಹೋದವಳು ಬರಲಿಲ್ಲ. ಕೊನೆಗೆ ಉಳಿದದ್ದು ಫೆರಿಶೆಡ್ಡಿನ ಹಿಂದಿನ ಕದ, ನೀರಿಗೆ ಮುಖ ಮಾಡಿದ್ದು. ಆಕ್ಸೆಲ್ ಸತ್ತ ವಾರವೇ ಅದರ ಮೇಲೆ ತಗಡು ಹೊಡೆದರು.

“ಮಸಿ ಒಣಗ್ಲಿ ಅಂತ ಹಗ್ಗಕ್ಕ ತೂಗಹಾಕ್ತಿದ್ದ,” ಎಂದಳು ಬೋದಿಲ್. “ಇದ ಮನಿಯೊಳಗ. ನನ್ನ ಹಾಸಿಗಿ ಮ್ಯಾಲೆ ಸಾಲಾಗಿ ಸಿಗ್ನೆ, ಸಿಗ್ನೆ, ಸಿಗ್ನೆ. ಗಾಳಿ ಬೀಸಿದ್ರ ಎಲ್ಲಾ ಒಮ್ಮಿಗೆ ಅಲ್ಲಾಡ್ತಿದ್ವು. ಊರಾಗಿನ ಹುಡುಗ್ರ ಚರ್ಚಿನ ದೀಕ್ಷಾ ಹಬ್ಬಕ್ಕೆಲ್ಲ ನಮ್ಮಪ್ಪ ಹಾಡಿನ ಹಾಳಿ ಅಚ್ಚ ಹಾಕಿ ಕೊಟ್ಟಾನ, ಅವ್ರ ಹೆಸರು ಮ್ಯಾಲೆ ದೊಡ್ಡದಾಗಿ. ನನಗೊಂದು ಹಾಕಿಲ್ಲ ನೋಡ್ರಿ. ಮರತಿದ್ದ. ಬೋದಿಲ್ ಮನಿಯೊಳಗ ಇದ್ಲಲ್ಲ, ಆಕಿನ್ನ ಯಾಕ ಕರೀಬೇಕು?”

ಅವಳು ನಗಲು ನೋಡಿದಳು. ತ್ಯೂರಾ ತಟ್ಟೆಯ ಮೇಲೆ ಕಣ್ಣಿಟ್ಟುಕೊಂಡು, ತಾನು ಬಂದ ಕಾರಣ ಹೇಳಿದಳು. ಫಾಂಟನ್ನು ನಿಲ್ಲಿಸುತ್ತೇವೆ, ಹೊಸದಾಗಿ ಯಾರಿಗೂ ಕೊಡುವುದಿಲ್ಲ, ಕೊಂಡವರಲ್ಲೂ ಬಿಡಿ ಎಂದು ಕೇಳಿಕೊಳ್ಳುತ್ತೇವೆ. ಕೆಲವು ವರ್ಷಗಳಲ್ಲಿ ಗೋಡೆಗಳು ಖಾಲಿಯಾಗುತ್ತವೆ.

ಬೋದಿಲ್ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಕೆಳಗೆ ಫಿಯೋರ್ಡ್, ಸೀಸದ ಬಣ್ಣದ ನೀರು.

“ನಾನೂ ಅದನ್ನ ಕೇಳಾಕ ಬರಬೇಕಂತ ಇದ್ದೆ,” ಎಂದಳು. “ಆ ಮ್ಯಾಲ ಒಂದು ವಿಚಾರ ಬಂತು. ನಮ್ಮಪ್ಪಗ ಇದ್ದದ್ದು ಒಂದು ಸೈಕಲ್, ಒಂದು ಅಂಟಿನ ಬಕೀಟು. ಭಾಳಂದ್ರ ಹೊಬ್ರೊ ಊರಿನ ತನಕ ಹೋಗಿ ಅಂಟಿಸಿ ಬಂದಾನು. ನೀವು ದೇಶ ತುಂಬ ಅಂಟಿಸೀರಿ. ಜರ್ಮನಿಗೂ ಹೋಗೈತಿ ಅಂತೀರಿ. ಆಕಿ ಎಲ್ಲೇ ಇದ್ರೂ, ಜೀವಂತ ಇದ್ರ, ಇಷ್ಟೊತ್ತಿಗೆ ನೋಡ್ಯಾಳ. ನೋಡಿದ್ರ ಗುರುತು ಹಿಡೀತಾಳ. ಅಪ್ಪ ಇನ್ನೂ ಕರೀಲಿಕ್ಕೆ ಹತ್ಯಾನ ಅಂತ ತಿಳೀತಾಳ.” ಅವಳು ತಿರುಗಿದಳು. “ತಗೀಬ್ಯಾಡ್ರಿ. ಇರ್ಲಿ ಬಿಡ್ರಿ.”

ಹಾಗೆ ಫಾಂಟ್ ಉಳಿಯಿತು. ಮೊಯೆನ್ಸ್‌ಗೆ ಹೇಳಿದಾಗ ಅವನು ಹುಬ್ಬೇರಿಸಿ, ಫಾಂಟಿನ ಹೆಸರನ್ನಾದರೂ ಬದಲಾಯಿಸೋಣವೇ ಎಂದು ಕೇಳಿದ. ತ್ಯೂರಾ ಬೇಡವೆಂದಳು. ಬದಲಿಗೆ ಇಡಬೇಕಾದ ಹೆಸರು ಒಂದೇ ಇತ್ತು, ಅದನ್ನು ಇಡುವ ಹಕ್ಕು ತನಗಿಲ್ಲ ಎನಿಸಿತು.

ಆದರೆ ಬೋದಿಲ್‌ಳ ಮಾತು ಅವಳ ಮೈಗೆ ಹತ್ತಿಕೊಂಡಿತು. ಅಲ್ಲಿಯವರೆಗೆ ಅವಳು ಅಕ್ಷರಗಳನ್ನು ಕಂಡು ಮುಖ ತಿರುಗಿಸುತ್ತಿದ್ದಳು, ಈಗ ಅವುಗಳ ಕೆಳಗೆ ನಿಂತವರನ್ನು ನೋಡತೊಡಗಿದಳು. ಎಪ್ಪತ್ತರ ಆಸುಪಾಸಿನ ಹೆಂಗಸರನ್ನು. ಬಸ್‌ ನಿಲ್ದಾಣದಲ್ಲಿ, ಅಂಗಡಿಯ ಸಾಲಿನಲ್ಲಿ, ಆಸ್ಪತ್ರೆಯ ಮುಂದೆ. ಯಾರಾದರೂ ಓದುವುದಕ್ಕೆ ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾರೆಯೇ, ಯಾರ ಹೆಜ್ಜೆಯಾದರೂ ತಡವರಿಸುತ್ತದೆಯೇ. ಬೇರೆ ಊರಿಗೆ ಕೆಲಸದ ಮೇಲೆ ಹೋದರೂ ಅದೇ. ಎಷ್ಟೋ ಮುದುಕಿಯರು ನಿಂತರು. ಒಬ್ಬಳು ಕನ್ನಡಕ ಹುಡುಕುತ್ತಿದ್ದಳು, ಒಬ್ಬಳು ಮಂಡಿನೋವಿಗೆ ಕೈಯೂರಿದ್ದಳು, ಮತ್ತೊಬ್ಬಳು ತ್ಯೂರಾಳ ನೋಟ ಕಂಡು ಕೈಚೀಲವನ್ನು ಎದೆಗೆ ಅವುಚಿಕೊಂಡಳು.

ಮರುವರ್ಷದ ವಸಂತದಲ್ಲಿ ಫ್ರೆಡೆರಿಸಿಯಾದ ರೈಲ್ವೆ ನಿಲ್ದಾಣದಲ್ಲಿ ಅವಳು ರೈಲು ಬದಲಿಸಲು ಕಾಯುತ್ತಿದ್ದಳು. ಹಾಡುಹಗಲು, ಜನ ಬಹಳವಿರಲಿಲ್ಲ. ಎದುರಿನ ಗೋಡೆಯಲ್ಲಿ ಯಾವುದೋ ನಾಟಕದ ಭಿತ್ತಿಪತ್ರ, ಅದರ ತುಂಬ ಒಂದೇ ಪದ, ವಸಂತ ಎಂಬುದಕ್ಕೆ ಅಲ್ಲಿಯವರ ಮಾತು, ಫೋರೋರ್. ಅದರ ಮುಂದೆ ಕಂದು ಕೋಟಿನ ಒಬ್ಬ ಎತ್ತರದ ಮುದುಕಿ ನಿಂತಿದ್ದಳು. ಪಕ್ಕದಲ್ಲಿ ಗಾಲಿಯ ಪೆಟ್ಟಿಗೆ. ಅವಳು ಓದುತ್ತಿರಲಿಲ್ಲ. ಕೈ ಎತ್ತಿ, ಒಂದು ಬೆರಳಿನಿಂದ, ಉಂಗುರ ಹೊತ್ತ ಅಕ್ಷರದ ನೆತ್ತಿಯ ತಗ್ಗನ್ನು ಸವರುತ್ತಿದ್ದಳು. ಉಂಗುರದ ಸುತ್ತ ಒಂದು ಸಲ ಬಂದು, ಮತ್ತೆ ತಿರುಗಿ ಹೋಯಿತು ಬೆರಳು.

ತ್ಯೂರಾ ಎದ್ದು ನಡೆದಳು. ಓಡಿದರೆ ಬೆದರಿಯಾಳು ಎಂದು ಮೆಲ್ಲಗೆ ನಡೆದಳು. ಪಕ್ಕಕ್ಕೆ ಹೋಗಿ ನಿಂತಳು. ಸಾವಿರ ಸಲ ಕಣ್ಣಿನಲ್ಲಿ ಓದಿದ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಕರೆದಿರಲಿಲ್ಲ, ಅದು ಹೊರಡಲಿಲ್ಲ.

ಮುದುಕಿ ಅವಳತ್ತ ತಿರುಗಿ, ಸಿಕ್ಕಿಬಿದ್ದವರ ಹಾಗೆ ಸ್ವಲ್ಪ ನಕ್ಕಳು.

“ತಲೆ ತಗ್ಗಿಸಿ ಜಾಗ ಮಾಡಿಕೊಟ್ಟಿದೆ ಪಾಪ,” ಎಂದಳು.

ಅಷ್ಟರಲ್ಲಿ ಹ್ಯಾಂಬರ್ಗಿನ ರೈಲು ಬಂತು. ಬಾಗಿಲುಗಳು ತೆರೆದವು. ಮುದುಕಿ ಪೆಟ್ಟಿಗೆ ಎಳೆದುಕೊಂಡು ಹತ್ತಿದಳು. ತ್ಯೂರಾ ಬಾಗಿಲವರೆಗೆ ಹೋದಳು, “ಕೇಳಿ...” ಎಂದಳು, ಒಳಗೆ ಯಾರೋ ಸೈಕಲ್ ಹತ್ತಿಸುತ್ತಿದ್ದರು, ಬಾಗಿಲು ಮುಚ್ಚಿತು. ಕಿಟಕಿಗಳಲ್ಲಿ ಬರೀ ಆಕಾಶ ಕಾಣುತ್ತಿತ್ತು. ರೈಲು ಹೋದ ಮೇಲೆ ಭಿತ್ತಿಪತ್ರದ ಹತ್ತಿರ ಹೋಗಿ, ಬೆರಳು ಆಡಿದ್ದ ಜಾಗವನ್ನು ಮುಟ್ಟಿ ನೋಡಿದಳು. ತಣ್ಣಗೆ, ನುಣ್ಣಗೆ ಇತ್ತು.

ಹೇಳಬೇಕೋ ಬೇಡವೋ ಎಂದು ಬೆಂಚಿನ ಮೇಲೆ ಕೂತು ಬಹಳ ಯೋಚಿಸಿದಳು. ಹೇಳದಿದ್ದರೆ ಆ ಮುದುಕಿಯನ್ನು ತಾನೊಬ್ಬಳೇ ಹೊತ್ತು ತಿರುಗಬೇಕು. ಕೊನೆಗೆ ಅಲ್ಲಿಂದಲೇ ಬೋದಿಲ್‌ಗೆ ಫೋನ್ ಮಾಡಿ, ಕಂಡದ್ದನ್ನು ಕಂಡಷ್ಟೇ ಹೇಳಿದಳು.

ಬೋದಿಲ್ ಎಷ್ಟು ಎತ್ತರ ಎಂದು ಕೇಳಿದಳು. ಕಣ್ಣು ಯಾವ ಬಣ್ಣ ಎಂದಳು. ಬೂದು ಇರಬಹುದು, ನೀಲಿಯೂ ಇರಬಹುದು ಎಂದಳು ತ್ಯೂರಾ. ಮಾತಿನ ಧಾಟಿ ಯಾವ ಕಡೆಯದು? ಒಂದೇ ಮಾತಾಡಿದ್ದು, ತಿಳಿಯಲಿಲ್ಲ. ಫೋನಿನಲ್ಲಿ ಟೊಮೇಟೊ ಸಸಿಗಳ ಕೋಣೆಯ ಗಡಿಯಾರದ ಸದ್ದು ಕೇಳುತ್ತಿತ್ತು.

“ಯಾವ ಕೈಲೇ ಮುಟ್ಟಿದ್ಲು?”

ತ್ಯೂರಾ ಕಣ್ಣು ಮುಚ್ಚಿದಳು. ಬೆರಳ ತುದಿ ಕಂಡಿತು, ಕತ್ತರಿಸಿದ ಉಗುರು ಕಂಡಿತು. ಉಂಗುರ, ಅದರ ಕೆಳಗಿನ ಕೂದಲೆಳೆಯಷ್ಟು ಬಿಳಿ, ಎಲ್ಲ ಸ್ಪಷ್ಟವಾಗಿ ಕಂಡಿತು. ಬೆರಳಿನ ಹಿಂದೆ ಕೈ ಇರಲಿಲ್ಲ. ಅವಳು ಆಗ ಅಕ್ಷರವನ್ನು ನೋಡುತ್ತಿದ್ದಳು.

“ಗೊತ್ತಿಲ್ಲ,” ಎಂದಳು. “ನಾನು ನೋಡಲಿಲ್ಲ.”

“ಸಿಗ್ನೆ ಎಡಚಿ ಇದ್ಲು,” ಎಂದಳು ಬೋದಿಲ್.

ಬೋದಿಲ್ ಫೋನ್ ಇಡಲಿಲ್ಲ, ತ್ಯೂರಾ ಕೂಡ ಇಡಲಿಲ್ಲ. ಆಮೇಲೆ ಬೋದಿಲ್, ಆ ನಿಲ್ದಾಣಕ್ಕೆ ಲಿಲ್ಲೆಹೌನ್‌ನಿಂದ ಯಾವ ಬಸ್ಸು, ಎಲ್ಲಿ ಬದಲಿಸಬೇಕು ಎಂದು ವಿಚಾರಿಸಿದಳು.

ಮುಂದಿನ ಶನಿವಾರ ಅವಳು ಬಂದಳು, ತೋಳಿಗೆ ಬುತ್ತಿಯ ಚೀಲ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು. ತ್ಯೂರಾ ಆರ್ಹುಸ್‌ನಿಂದ ಬಂದಳು. ಇಬ್ಬರೂ ಆ ಗೋಡೆಗೆ ಎದುರಾದ ಬೆಂಚಿನಲ್ಲಿ ಕೂತರು. ಹೋದವರು ಹೆಚ್ಚಾಗಿ ಶನಿವಾರಗಳಲ್ಲೇ ತಿರುಗಿ ಬರುತ್ತಾರೆ ಎಂಬುದು ಬೋದಿಲ್‌ಳ ನಂಬಿಕೆ. ರೈಲುಗಳು ಬಂದವು, ಹೋದವು. ಅವಳು ಇಳಿದವರ ಮುಖ ನೋಡುತ್ತಿರಲಿಲ್ಲ, ಕೈಗಳನ್ನು ನೋಡುತ್ತಿದ್ದಳು. ಆಗೊಮ್ಮೆ ಈಗೊಮ್ಮೆ ತ್ಯೂರಾಗೆ ರೊಟ್ಟಿ ಮುರಿದುಕೊಟ್ಟು, ತಿನ್ನಿ, ಬಣ್ಣಗೆಟ್ಟೀರಿ ಎಂದು ಗದರುತ್ತಿದ್ದಳು. ಬೇಸಿಗೆ ಬರುವವರೆಗೆ ಹಾಗೆಯೇ ನಡೆಯಿತು. ಆಮೇಲೆ ಒಂದು ಶನಿವಾರ ನಾಟಕದವರ ಭಿತ್ತಿಪತ್ರವನ್ನು ನಿಲ್ದಾಣದವನೊಬ್ಬ ಕಿತ್ತು ಸುತ್ತಿ, ಆ ಜಾಗದಲ್ಲಿ ಐಸ್‌ಕ್ರೀಮಿನ ಜಾಹೀರಾತನ್ನು ಹಾಕಿದ. ಅದಕ್ಕೂ ಅದೇ ಅಕ್ಷರ ಹಾಕಿದ್ದರು. ಬೋದಿಲ್ ಸ್ವಲ್ಪ ಹೊತ್ತು ಅದನ್ನು ನೋಡಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಇಬ್ಬರಿಗೂ ಕಾಫಿ ಬಗ್ಗಿಸಿದಳು.